ಟೇಬಲ್ ಮೇಲೆ ಸರಿ, ಎತ್ತರದಲ್ಲಿ ತಪ್ಪು: ಮೆಷಿನ್ ಟೂಲ್‌ಗಳ ಜ್ಯಾಮಿತಿ ದೋಷ ಮತ್ತು ಅದನ್ನು ಸರಿದೂಗಿಸುವ ಲೆಕ್ಕ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ವರ್ಕ್‌ಶಾಪ್ ಒಂದರಲ್ಲಿ ಎದ್ದ ತಕರಾರು ಹೀಗಿತ್ತು. ಎರಕದ ಕಬ್ಬಿಣದ ಗೇರ್‌ಬಾಕ್ಸ್ ಹೌಸಿಂಗ್‌ನಲ್ಲಿ 600 ಮಿ.ಮೀ. ಅಂತರದ ಎರಡು ದುಂಡು ರಂಧ್ರಗಳು, ಅಂದರೆ ಬೋರ್‌ಗಳು. ಆ ಅಂತರಕ್ಕೆ ಡ್ರಾಯಿಂಗ್ ಕೊಟ್ಟಿದ್ದ ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) ಎರಡೂ ಕಡೆಗೆ ತಲಾ 10 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಹತ್ತು ಪಾಲು. ಬಿಡಿಭಾಗಗಳನ್ನು ಅಳೆಯುವ ಯಂತ್ರವಾದ ಸಿಎಂಎಂ ಮೇಲೆ ಅಳೆದಾಗ ಪ್ರತಿ ಜಾಬ್‌ನಲ್ಲೂ ಅಂತರ ಸುಮಾರು 17 ಮೈಕ್ರಾನ್ ಹೆಚ್ಚು ಬರುತ್ತಿತ್ತು. ಬೋರ್ ಕೊರೆದ ಮೆಷಿನ್ ಇದ್ದದ್ದು 20 ಡಿಗ್ರಿಯ ಎಸಿ ಕೊಠಡಿಯಲ್ಲಿ, ಆದ್ದರಿಂದ ಬಿಸಿಲನ್ನು ದೂರುವಂತಿರಲಿಲ್ಲ. ಮೆಷಿನ್ ಬಾಗಿಲಿಗೆ ಅಂಟಿಸಿದ್ದ ಲೇಸರ್ ಕ್ಯಾಲಿಬ್ರೇಶನ್ ವರದಿಯಲ್ಲಿ ಎಕ್ಸ್ ಅಕ್ಷದ ಸ್ಥಾನ ನಿಖರತೆ 6 ಮೈಕ್ರಾನ್ ಎಂದು ಬರೆದಿತ್ತು. ಆಪರೇಟರ್ ಸಿಎಂಎಂ ಅನ್ನು ಅನುಮಾನಿಸಿದರು, ತಪಾಸಣೆಯವರು ಆಪರೇಟರನ್ನು ಅನುಮಾನಿಸಿದರು, ಮಾಲೀಕರು ಲೇಸರ್ ತಂದವರನ್ನು ಅನುಮಾನಿಸಿದರು. ಕೊನೆಗೆ ನೋಡಿದರೆ ಇವರಲ್ಲಿ ಯಾರದೂ ತಪ್ಪಿರಲಿಲ್ಲ. ಲೇಸರ್ ಕಿರಣ ಟೇಬಲ್‌ನಿಂದ 50 ಮಿ.ಮೀ. ಎತ್ತರದಲ್ಲಿ ಹಾದುಹೋಗಿತ್ತು; ಬೋರ್‌ಗಳು ಇದ್ದದ್ದು 400 ಮಿ.ಮೀ. ಎತ್ತರದಲ್ಲಿ.

ಇದು ಹೇಗೆ ಎಂದು ತಿಳಿಯಲು ಅಕ್ಷ ಎಂದರೇನು ಎನ್ನುವಲ್ಲಿಂದ ಆರಂಭಿಸಬೇಕು. ಎಕ್ಸ್ ಅಕ್ಷದಲ್ಲಿ ಟೇಬಲ್ 300 ಮಿ.ಮೀ. ಸರಿಯಲಿ ಎಂದು ಕಂಟ್ರೋಲರ್ ಆಜ್ಞೆ ಕೊಟ್ಟಾಗ ನಾವು ಒಂದೇ ಚಲನೆಯನ್ನು ಕಲ್ಪಿಸಿಕೊಳ್ಳುತ್ತೇವೆ. ಆದರೆ ಗಟ್ಟಿ ವಸ್ತುವೊಂದಕ್ಕೆ ಚಲಿಸಲು ಆರು ದಾರಿಗಳಿವೆ, ಮತ್ತು ಟೇಬಲ್ ಆರರಲ್ಲೂ ಸ್ವಲ್ಪ ಸ್ವಲ್ಪ ಚಲಿಸಿಯೇ ತೀರುತ್ತದೆ. ಹೋಗಬೇಕಾದ ದಿಕ್ಕಿನಲ್ಲಿ ತುಸು ಹೆಚ್ಚು ಅಥವಾ ಕಡಿಮೆ ಹೋಗುತ್ತದೆ. ಅಡ್ಡಕ್ಕೂ ಮೇಲೆ ಕೆಳಗೂ ಸರಿಯುತ್ತದೆ. ಇವಲ್ಲದೆ ಮೂರು ಅಕ್ಷಗಳ ಸುತ್ತ ಕೂದಲೆಳೆಯಷ್ಟು ತಿರುಗುತ್ತದೆ. ಹೀಗೆ ಒಂದು ಅಕ್ಷಕ್ಕೆ ಆರು ದೋಷಗಳಾದರೆ ಮೂರು ಅಕ್ಷಗಳಿಗೆ 18. ಎಕ್ಸ್, ವೈ, ಝಡ್ ಅಕ್ಷಗಳು ಪರಸ್ಪರ ಸರಿಯಾಗಿ 90 ಡಿಗ್ರಿಯಲ್ಲಿ ಇಲ್ಲದಿರುವ ಮೂರು ಲಂಬತೆ ದೋಷಗಳನ್ನು ಸೇರಿಸಿದರೆ ಒಟ್ಟು 21. ಸಾಮಾನ್ಯ ಮೂರು ಅಕ್ಷದ ವಿಎಂಸಿಯ (ಟೂಲ್ ಹಿಡಿದು ತಿರುಗುವ ಸ್ಪಿಂಡಲ್ ಲಂಬವಾಗಿ ನಿಂತ ಮೆಷಿನ್) ಜ್ಯಾಮಿತಿಯನ್ನು ಪೂರ್ತಿ ವಿವರಿಸಲು ಈ 21 ಬೇಕು. ಬಾಗಿಲಿಗೆ ಅಂಟಿಸುವ ವರದಿಯಲ್ಲಿ ಸಾಮಾನ್ಯವಾಗಿ ಇರುವುದು ಮೂರು, ಅಂದರೆ ಪ್ರತಿ ಅಕ್ಷದ ಸ್ಥಾನ ನಿಖರತೆ ಮಾತ್ರ.

ಬಿಟ್ಟುಹೋದ 18ರಲ್ಲಿ ಅತಿ ಮೋಸದವು ಕೋನ ದೋಷಗಳು, ಏಕೆಂದರೆ ಅವು ದೂರವನ್ನು ಗುಣಿಸಿಕೊಂಡು ಬೆಳೆಯುತ್ತವೆ. ಒಂದು ಡಿಗ್ರಿಯ 3600ನೇ ಒಂದು ಭಾಗವಾದ ಆರ್ಕ್ ಸೆಕೆಂಡ್ ಒಂದು ಮೀಟರ್ ದೂರದಲ್ಲಿ ಸುಮಾರು 4.85 ಮೈಕ್ರಾನ್ ಆಗುತ್ತದೆ. ನಮ್ಮ ಮೆಷಿನ್‌ನಲ್ಲಿ ಟೇಬಲ್ ಎಡ ತುದಿಗೆ ಹೋದಾಗ ಎಡಕ್ಕೆ 5, ಬಲ ತುದಿಗೆ ಹೋದಾಗ ಬಲಕ್ಕೆ 5 ಆರ್ಕ್ ಸೆಕೆಂಡ್ ಬಾಗುತ್ತಿತ್ತು. ಒಟ್ಟು ವ್ಯತ್ಯಾಸ 10. ಲೇಸರ್ ರೇಖೆಗೂ ಬೋರ್‌ಗೂ ನಡುವಿನ ಎತ್ತರ 350 ಮಿ.ಮೀ. ಗುಣಿಸಿ ನೋಡಿದರೆ ಉತ್ತರ 17 ಮೈಕ್ರಾನ್. ಅಳೆಯುವ ರೇಖೆಯೂ ಅಳೆಯಲ್ಪಡುವ ರೇಖೆಯೂ ಒಂದೇ ನೇರದಲ್ಲಿ ಇರಬೇಕು ಎಂದು ಜರ್ಮನಿಯ ಯೇನಾದಲ್ಲಿ ತ್ಸೈಸ್ ಕಾರ್ಖಾನೆಯ ಎರ್ನ್‌ಸ್ಟ್ ಅಬ್ಬೆ 1890ರಲ್ಲೇ ಹೇಳಿದ್ದರು. ಮೆಷಿನ್ ಟೂಲ್‌ನಲ್ಲಿ ಅದನ್ನು ಪಾಲಿಸುವುದು ಬಹುಮಟ್ಟಿಗೆ ಅಸಾಧ್ಯ, ಏಕೆಂದರೆ ಸ್ಥಾನವನ್ನು ಅಳೆಯುವ ಸ್ಕೇಲ್ ಅಥವಾ ಟೇಬಲ್ ತಳ್ಳುವ ಬಾಲ್ ಸ್ಕ್ರೂ ಟೇಬಲ್‌ನ ಅಡಿಯಲ್ಲಿದ್ದರೆ ಕತ್ತರಿಸುವ ಟೂಲ್ ಮೇಲೆಲ್ಲೋ ಇರುತ್ತದೆ. ಆದ್ದರಿಂದ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜೇಮ್ಸ್ ಬ್ರಯಾನ್ 1979ರಲ್ಲಿ ಆ ತತ್ವವನ್ನು ವಿಸ್ತರಿಸಿದರು: ಎರಡು ರೇಖೆಗಳು ಒಂದಾಗದಿದ್ದರೆ ಕೋನ ದೋಷವನ್ನು ಇಲ್ಲವಾಗಿಸಿ, ಅದೂ ಆಗದಿದ್ದರೆ ಅದನ್ನು ಅಳೆದು ಲೆಕ್ಕಕ್ಕೆ ಹಿಡಿಯಿರಿ ಎಂಬುದು ಅವರ ವಾದದ ಸಾರ. ಇವತ್ತಿನ ಸಾಫ್ಟ್‌ವೇರ್ ಸರಿದೂಗಿಕೆಯೆಲ್ಲ ನಿಂತಿರುವುದು ಆ ಕೊನೆಯ ಮಾತಿನ ಮೇಲೆ.

ಅದಕ್ಕೆ ಮುಂಚೆ ದೋಷವನ್ನು ಲೋಹದಲ್ಲೇ ತಿದ್ದುತ್ತಿದ್ದರು. ಬರ್ಲಿನ್‌ನ ಪ್ರಾಧ್ಯಾಪಕ ಗೇಯೋರ್ಗ್ ಶ್ಲೆಸಿಂಗರ್ 1927ರಲ್ಲಿ ಮೆಷಿನ್ ಟೂಲ್‌ಗಳ ಪರೀಕ್ಷಾ ವಿಧಾನಗಳನ್ನು ಕ್ರಮವಾಗಿ ಬರೆದಿಟ್ಟಾಗ ಸಾಧನಗಳೆಂದರೆ ರಸಮಟ್ಟ, ಡಯಲ್, ಟೆಸ್ಟ್ ಮ್ಯಾಂಡ್ರೆಲ್, ಮೂಲೆಮಟ್ಟ. ಡಯಲ್ ಮುಳ್ಳು ಸರಿದರೆ ಸ್ಲೈಡ್‌ವೇಗೆ (ಟೇಬಲ್ ಜಾರುವ ಹಳಿ) ಉಬ್ಬು ತೋರಿಸುವ ನೀಲಿ ಬಣ್ಣವಾದ ಬ್ಲೂ ಹಚ್ಚಿ, ಎದ್ದು ಕಂಡ ಚುಕ್ಕೆಗಳನ್ನು ಕೈಯಿಂದ ಸ್ಕ್ರೇಪ್ ಮಾಡಿ ಇಳಿಸುತ್ತಿದ್ದರು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಆರಂಭವಾದ ಮೇಲೆ ಈ ಊರಿನಲ್ಲಿ ಬೆಳೆದ ಫಿಟ್ಟರ್‌ಗಳ ಹೆಮ್ಮೆಯೂ ಅದೇ ಸ್ಕ್ರೇಪಿಂಗ್ ಆಗಿತ್ತು. ದೋಷವನ್ನು ಲೋಹದಲ್ಲಿ ತಿದ್ದುವ ಬದಲು ಸಂಖ್ಯೆಯಲ್ಲಿ ತಿದ್ದುವ ಕೆಲಸ ಮೊದಲು ಗಟ್ಟಿಯಾದದ್ದು ಅಳತೆ ಯಂತ್ರಗಳಲ್ಲಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಾಬರ್ಟ್ ಹಾಕನ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಕೆಲಸ ಈ ದಾರಿಯ ಮೈಲಿಗಲ್ಲು. ಸಿಎಂಎಂಗೆ ಕತ್ತರಿಸುವ ಬಲ ತಡೆಯುವ ಪಾಡಿಲ್ಲ, ಕೂಲೆಂಟ್ ಇಲ್ಲ, ಇರುವುದು ಎಸಿ ಕೊಠಡಿಯಲ್ಲಿ. ಅದರ ದೋಷ ಇವತ್ತು ಇದ್ದಂತೆಯೇ ನಾಳೆಯೂ ಇರುತ್ತದೆ. ಮೆಷಿನ್ ಟೂಲ್‌ಗೆ ಸಾಮಾನ್ಯವಾಗಿ ಈ ಯಾವ ಸೌಲಭ್ಯವೂ ಇಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಅಳತೆಯ ಮೊದಲ ಸಾಧನ ಲೇಸರ್ ಇಂಟರ್‌ಫೆರೋಮೀಟರ್. ಹೀಲಿಯಂ-ನಿಯಾನ್ ಲೇಸರ್‌ನ ಕೆಂಪು ಬೆಳಕಿನ ತರಂಗದೂರ ಸುಮಾರು 633 ನ್ಯಾನೋಮೀಟರ್. ಕಿರಣವನ್ನು ಎರಡಾಗಿ ಒಡೆದು, ಒಂದನ್ನು ನಿಂತ ಕನ್ನಡಿಗೂ ಇನ್ನೊಂದನ್ನು ಚಲಿಸುವ ಕನ್ನಡಿಗೂ ಕಳಿಸಿ, ಮರಳಿ ಬಂದಾಗ ಸೇರಿಸಿ, ಎಷ್ಟು ತರಂಗಗಳು ಸರಿದುಹೋದವು ಎಂದು ಎಣಿಸುವುದೇ ಇದರ ಕೆಲಸ. ಇಲ್ಲಿ ಅಳತೆಗೋಲು ಎಂದರೆ ಬೆಳಕಿನ ತರಂಗ, ಮತ್ತು ಆ ತರಂಗದ ಉದ್ದ ಗಾಳಿಯನ್ನು ಅವಲಂಬಿಸಿದೆ. ಬೆಂಗಳೂರಿಗೆ ಇದು ಸಣ್ಣ ವಿಷಯವಲ್ಲ. ಸಮುದ್ರ ಮಟ್ಟದಲ್ಲಿ ವಾಯುಒತ್ತಡ ಸುಮಾರು 1013 ಹೆಕ್ಟೋಪಾಸ್ಕಲ್. 900 ಮೀಟರಿಗಿಂತ ಎತ್ತರದಲ್ಲಿರುವ ಈ ಊರಿನಲ್ಲಿ ಸುಮಾರು 910. ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿದರೆ ತರಂಗದೂರ ಹತ್ತು ಲಕ್ಷದಲ್ಲಿ 0.27 ಪಾಲು ಹೆಚ್ಚುತ್ತದೆ. ಎಂದರೆ, ಸಮುದ್ರ ಮಟ್ಟದ ಒತ್ತಡವನ್ನೇ ಹಿಡಿದು ಪೀಣ್ಯದಲ್ಲಿ ಅಳೆದರೆ ಒಂದು ಮೀಟರಿಗೆ ಸರಿಸುಮಾರು 28 ಮೈಕ್ರಾನ್ ತಪ್ಪು. ಲೇಸರ್ ಪೆಟ್ಟಿಗೆಯ ಜತೆಗೆ ಬರುವ ಒತ್ತಡ, ಉಷ್ಣತೆ, ತೇವಾಂಶದ ಸೆನ್ಸರ್ ಇದನ್ನು ತಾನಾಗಿಯೇ ತಿದ್ದುತ್ತದೆ. ಆದರೆ ಆ ಸೆನ್ಸರ್‌ನ ಕ್ಯಾಲಿಬ್ರೇಶನ್ ಅವಧಿ ಮುಗಿದಿದೆಯೇ ಎಂದು ಕೇಳುವ ಗ್ರಾಹಕರು ಅಪರೂಪ. ಲೇಸರ್ ಎಂದರೆ ಸತ್ಯ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಬಲವಾಗಿದೆ.

ಇನ್ನು ಉಷ್ಣತೆ. ಉದ್ದದ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಸಂಬಂಧಿಸಿದವು ಎಂಬುದು ಜಗತ್ತಿನಾದ್ಯಂತ ಒಪ್ಪಿದ ನಿಯಮ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು 11.7 ಮೈಕ್ರಾನ್ ಹಿಗ್ಗುತ್ತದೆ, ಅಲ್ಯೂಮಿನಿಯಂ ಸುಮಾರು 23. ಶೆಡ್ಡಿನೊಳಗೆ 30 ಡಿಗ್ರಿ ಇರುವಾಗ, ಉಕ್ಕಿನಂತೆ ಹಿಗ್ಗುವ ಸ್ಕೇಲ್ ಇರುವ ಮೆಷಿನ್‌ನಲ್ಲಿ 600 ಮಿ.ಮೀ. ಉದ್ದದ ಅಲ್ಯೂಮಿನಿಯಂ ಜಾಬ್ ಮಾಡಿ, 20 ಡಿಗ್ರಿಯ ತಪಾಸಣಾ ಕೊಠಡಿಗೆ ಕಳಿಸಿದರೆ ಅದು 68 ಮೈಕ್ರಾನಿನಷ್ಟು ಗಿಡ್ಡವಾಗಿರುತ್ತದೆ. 21 ಜ್ಯಾಮಿತಿ ದೋಷಗಳೂ ಸೊನ್ನೆಯಾಗಿದ್ದರೂ ಈ 68 ಉಳಿಯುತ್ತದೆ. ಮೆಷಿನ್‌ನ ಒಟ್ಟು ದೋಷದಲ್ಲಿ 40ರಿಂದ 70 ಶೇಕಡಾ ಶಾಖದಿಂದ ಬರಬಹುದು ಎಂದು ಅದೇ ಬ್ರಯಾನ್ 1990ರಲ್ಲಿ ಬರೆದದ್ದನ್ನು ಈ ಕ್ಷೇತ್ರದಲ್ಲಿ ಇಂದಿಗೂ ಉದ್ಧರಿಸುತ್ತಾರೆ. ವಿಮಾನದ ಬಿಡಿಭಾಗಗಳ ಆರ್ಡರ್ ಹಿಡಿದ ಸಣ್ಣ ಕಾರ್ಖಾನೆಗಳು ಐದು ಅಕ್ಷದ ಮೆಷಿನ್ ಕೊಳ್ಳುವ ಮೊದಲು ಶೆಡ್ಡಿನ ತಗಡಿನ ಮಾಡನ್ನು ನೋಡುವುದು ಒಳ್ಳೆಯದು ಎಂದು ನನಗೆ ಅನ್ನಿಸುವುದು ಇದಕ್ಕೇ.

ಲೇಸರ್‌ನ ಕನ್ನಡಿಗಳನ್ನು ಬದಲಿಸಿ ನೇರತೆ, ಕೋನಗಳನ್ನೂ ಅಳೆಯಬಹುದು. ಆದರೆ ಸಾಮಾನ್ಯ ಇಂಟರ್‌ಫೆರೋಮೀಟರಿಗೆ ಒಂದು ಕುರುಡು ಜಾಗವಿದೆ: ಚಲನೆಯ ದಿಕ್ಕಿನ ಸುತ್ತಲೇ ಆಗುವ ತಿರುಗುವಿಕೆ, ಅಂದರೆ ರೋಲ್. ಅಡ್ಡ ಅಕ್ಷಗಳಲ್ಲಿ ಇದಕ್ಕೆ ಎಲೆಕ್ಟ್ರಾನಿಕ್ ಲೆವೆಲ್ ಇದೆ. ಒಂದನ್ನು ಟೇಬಲ್ ಮೇಲೂ ಇನ್ನೊಂದನ್ನು ಸ್ಪಿಂಡಲ್ ಕಡೆಗೂ ಇಟ್ಟು ವ್ಯತ್ಯಾಸ ಓದಬೇಕು, ಏಕೆಂದರೆ ಟೇಬಲ್ ಸರಿದಾಗ ಇಡೀ ಮೆಷಿನ್ನೇ ಅಲುಗುತ್ತದೆ. ನಿಂತ ಝಡ್ ಅಕ್ಷದ ರೋಲ್‌ಗೆ ಲೆವೆಲ್ ಕೂಡ ಪ್ರಯೋಜನವಿಲ್ಲ. ಭೂಮಿಯ ಸೆಳೆತದ ದಿಕ್ಕಿನ ಸುತ್ತ ತಿರುಗುವುದು ರಸಮಟ್ಟಕ್ಕೆ ಕಾಣಿಸುವುದಿಲ್ಲ. ಅಲ್ಲಿ ಎರಡು ಬೇರೆ ಬೇರೆ ದೂರದಲ್ಲಿ ನೇರತೆಯನ್ನು ಅಳೆದು, ಎರಡರ ವ್ಯತ್ಯಾಸದಿಂದ ಕೋನವನ್ನು ಲೆಕ್ಕ ಹಾಕಬೇಕು. ಒಂದೇ ಸಲಕ್ಕೆ ಆರೂ ದೋಷಗಳನ್ನು ಓದುವ ಲೇಸರ್‌ಗಳು ಈಗ ಬಂದಿವೆ. ಗುರಿಯನ್ನು ತಾನೇ ಹಿಂಬಾಲಿಸುವ ಲೇಸರ್‌ನ್ನು ನಾಲ್ಕೈದು ಜಾಗಗಳಲ್ಲಿ ಇಟ್ಟು, ಬರೀ ದೂರಗಳಿಂದ 21 ದೋಷಗಳನ್ನೂ ಗಣಿತದ ಮೂಲಕ ಬಿಡಿಸುವ ವಿಧಾನವೂ ಇದೆ. ಮೊದಲು ವಾರ ಹಿಡಿಯುತ್ತಿದ್ದ ಕೆಲಸ ಇವುಗಳಿಂದ ಒಂದೆರಡು ದಿನಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ಬೇಡ, ಮೆಷಿನ್‌ನ ಆರೋಗ್ಯ ಹೇಗಿದೆ ಎಂದಷ್ಟೇ ತಿಳಿಯಬೇಕು ಎನ್ನುವವರಿಗೆ ಬಾಲ್‌ಬಾರ್ ಸಾಕು. ಇದನ್ನು 1982ರಲ್ಲಿ ಮುಂದಿಟ್ಟವರೂ ಬ್ರಯಾನ್. ಎರಡು ತುದಿಯಲ್ಲಿ ಉಕ್ಕಿನ ಗುಂಡು, ನಡುವೆ ದೂರದರ್ಶಕದಂತೆ ಉದ್ದವಾಗುವ ದಂಡ, ಒಳಗೆ ಸೆನ್ಸರ್. ಒಂದು ಗುಂಡು ಟೇಬಲ್ ಮೇಲಿನ ಅಯಸ್ಕಾಂತದ ಬಟ್ಟಲಲ್ಲಿ, ಇನ್ನೊಂದು ಸ್ಪಿಂಡಲ್‌ನಲ್ಲಿ ಕುಳಿತುಕೊಳ್ಳುತ್ತದೆ. ಮೆಷಿನ್ ವೃತ್ತ ಹಾಕುತ್ತದೆ, ದಂಡದ ಉದ್ದದಲ್ಲಿ ಆಗುವ ಮೈಕ್ರಾನ್‌ಗಳ ಏರಿಳಿತವನ್ನು ಕಂಪ್ಯೂಟರ್ ದೊಡ್ಡದು ಮಾಡಿ ಚಿತ್ರ ಬರೆಯುತ್ತದೆ. ಆ ಚಿತ್ರವನ್ನು ಓದುವುದು ವೈದ್ಯರು ನಾಡಿ ಹಿಡಿದ ಹಾಗೆ. ಅಕ್ಷ ದಿಕ್ಕು ಬದಲಿಸುವ ನಾಲ್ಕು ಕಡೆ ವೃತ್ತ ಮೆಟ್ಟಿಲಿನಂತೆ ಒಳಗೋ ಹೊರಗೋ ಜರುಗಿದ್ದರೆ ಅದು ದಿಕ್ಕು ಬದಲಿಸುವಾಗ ಕಾಣುವ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್. ಅದೇ ಜಾಗದಲ್ಲಿ ಮುಳ್ಳಿನಂತೆ ಎದ್ದು ತಕ್ಷಣ ಇಳಿದಿದ್ದರೆ ಘರ್ಷಣೆಯಿಂದ ಅಕ್ಷ ಒಂದು ಕ್ಷಣ ತಡವರಿಸಿದೆ ಎಂದರ್ಥ. ವೃತ್ತ 45 ಡಿಗ್ರಿಯಲ್ಲಿ ಮೊಟ್ಟೆಯಾಕಾರ ತಳೆದರೆ ಎರಡು ಅಕ್ಷಗಳು ಮೂಲೆಮಟ್ಟವಾಗಿಲ್ಲ. ಆದರೆ ಅಕ್ಷಗಳನ್ನು ಓಡಿಸುವ ಎರಡು ಸರ್ವೋ ಮೋಟಾರುಗಳ ವೇಗದ ಹೊಂದಾಣಿಕೆ ತಪ್ಪಿದರೂ ಇಂಥದೇ ಮೊಟ್ಟೆ ಬರುತ್ತದೆ. ಎರಡನ್ನು ಬೇರ್ಪಡಿಸುವ ಉಪಾಯ ಸರಳ: ವೃತ್ತವನ್ನು ಹಿಂದುಮುಂದಾಗಿ ಎರಡೂ ದಿಕ್ಕಿನಲ್ಲಿ ಹಾಕಿಸಿ. ಮೊಟ್ಟೆ ಹಾಗೆಯೇ ನಿಂತರೆ ಲಂಬತೆ ದೋಷ, ಇನ್ನೊಂದು ಕಡೆಗೆ ವಾಲಿದರೆ ಸರ್ವೋ ದೋಷ. 300 ಮಿ.ಮೀ. ವ್ಯಾಸದ ವೃತ್ತದಲ್ಲಿ ಎರಡು ಕರ್ಣಗಳ ವ್ಯತ್ಯಾಸ 15 ಮೈಕ್ರಾನ್ ಇದ್ದರೆ ಲಂಬತೆ ದೋಷ ಮೀಟರಿಗೆ 50 ಮೈಕ್ರಾನ್. ಹತ್ತು ಹದಿನೈದು ನಿಮಿಷದ ಈ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡುವ ಕಾರ್ಖಾನೆ ವರ್ಷಕ್ಕೊಮ್ಮೆ ಲೇಸರ್ ತರಿಸುವ ಕಾರ್ಖಾನೆಗಿಂತ ತನ್ನ ಮೆಷಿನ್‌ನ್ನು ಚೆನ್ನಾಗಿ ಬಲ್ಲದು.

ಅಳೆದದ್ದಾಯಿತು, ಸರಿದೂಗಿಸುವುದು ಹೇಗೆ? ಅತ್ಯಂತ ಹಳೆಯ ಮತ್ತು ಕಂಪ್ಯೂಟರ್ ನಿಯಂತ್ರಿತ ಮೆಷಿನ್‌ಗಳಾದ ಎಲ್ಲ ಸಿಎನ್‌ಸಿಗಳಲ್ಲಿ ಇರುವ ವಿಧಾನ ಪಿಚ್ ಎರರ್ ಕಾಂಪನ್ಸೇಶನ್. ಅಕ್ಷದುದ್ದಕ್ಕೂ, ಉದಾಹರಣೆಗೆ ಪ್ರತಿ 25 ಮಿ.ಮೀ.ಗೆ ಒಂದರಂತೆ, ಎಷ್ಟು ಮೈಕ್ರಾನ್ ಕೂಡಿಸಬೇಕು ಅಥವಾ ಕಳೆಯಬೇಕು ಎಂಬ ಪಟ್ಟಿಯನ್ನು ಕಂಟ್ರೋಲರ್‌ನಲ್ಲಿ ತುಂಬುತ್ತಾರೆ. ಅಕ್ಷ ಆ ಜಾಗ ದಾಟುವಾಗ ಕಂಟ್ರೋಲರ್ ಆ ಸಂಖ್ಯೆಯನ್ನು ಗುಟ್ಟಾಗಿ ಸೇರಿಸುತ್ತದೆ. ಬ್ಯಾಕ್‌ಲ್ಯಾಶ್‌ಗೆ ಬೇರೆ ಪ್ಯಾರಾಮೀಟರ್ ಇದೆ. ಮುಂದಿನ ಹಂತದಲ್ಲಿ ಒಂದು ಅಕ್ಷ ಎಲ್ಲಿದೆ ಎಂಬುದನ್ನು ನೋಡಿ ಇನ್ನೊಂದು ಅಕ್ಷವನ್ನು ತಿದ್ದುತ್ತಾರೆ. ರ‍್ಯಾಮ್ (ಸ್ಪಿಂಡಲ್ ಹೊತ್ತ ತೋಳು) ಹೊರಚಾಚಿದಂತೆ ಜೋತುಬೀಳುವುದನ್ನು ಹೀಗೆ ಎತ್ತಿಹಿಡಿಯಬಹುದು. ಮೂರನೆಯ ಹಂತದಲ್ಲಿ 21 ದೋಷಗಳನ್ನೂ ಸೇರಿಸಿ, ಟೂಲ್‌ನ ಉದ್ದವನ್ನೂ ಪರಿಗಣಿಸಿ, ಮೆಷಿನ್‌ನ ಇಡೀ ಘನದೊಳಗೆ ಟೂಲ್ ತುದಿ ಎಲ್ಲಿದ್ದರೂ ಅಲ್ಲಿಗೆ ತಕ್ಕ ತಿದ್ದುಪಡಿ ಕೊಡುತ್ತಾರೆ. ಸೀಮೆನ್ಸ್, ಫ್ಯಾನುಕ್ ಮೊದಲಾದ ಕಂಟ್ರೋಲರ್ ತಯಾರಕರು ಇದನ್ನು ಹೆಚ್ಚುವರಿ ಹಣಕ್ಕೆ ಕೊಡುವ ಆಯ್ಕೆಯಾಗಿ ಇಟ್ಟಿದ್ದಾರೆ. ನಮ್ಮ ಗೇರ್‌ಬಾಕ್ಸ್ ಪ್ರಸಂಗದಂಥ ತಕರಾರು ನಿಜವಾಗಿ ಬಯಸುವುದು ಈ ಮೂರನೆಯ ಹಂತವನ್ನು.

ಹಾಗೆಂದು ಇದು ಎಲ್ಲ ರೋಗಕ್ಕೂ ಮದ್ದಲ್ಲ. ಮೂರು ಅಕ್ಷದ ಮೆಷಿನ್‌ಗೆ ಟೂಲ್ ತುದಿಯನ್ನು ಸರಿಯಾದ ಜಾಗಕ್ಕೆ ತರಲು ಮಾತ್ರ ಸಾಧ್ಯ; ಟೂಲ್ ವಾಲಿದ್ದರೆ ಅದನ್ನು ನೆಟ್ಟಗೆ ಮಾಡಲು ಅದಕ್ಕೆ ಕೀಲೇ ಇಲ್ಲ. ಆದ್ದರಿಂದ ಬೋರ್‌ನ ಕೇಂದ್ರ ಡ್ರಾಯಿಂಗ್ ಹೇಳಿದ ಕಡೆಯೇ ಬಂದರೂ ಬೋರ್ ಓರೆಯಾಗಿಯೇ ಉಳಿಯುತ್ತದೆ. ಇನ್ನೊಂದು ತೊಡಕಿದೆ. ಎಕ್ಸ್ ಅಕ್ಷದ ನೇರತೆ ತಿದ್ದಲು ವೈ ಅಕ್ಷ ಒಂದೆರಡು ಮೈಕ್ರಾನ್ ಮಿಸುಕಬೇಕು. ಸುಮ್ಮನೆ ನಿಂತಿರಬೇಕಾದ ವೈ ಸ್ಲೈಡ್ ಅಷ್ಟು ಸಣ್ಣ ಆಜ್ಞೆಗೆ ಘರ್ಷಣೆಯಿಂದಾಗಿ ಮೊದಲು ಅಲುಗುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಅಳತೆ ಸರಿಹೋಯಿತು, ಆದರೆ ಡೈ (ಅಚ್ಚು) ಮೇಲೆ ಗೆರೆ ಬಿತ್ತು ಎಂಬ ದೂರಿಗೆ ಇದೂ ಒಂದು ಕಾರಣ.

ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ, ಸರಿದೂಗಿಕೆ ತಿದ್ದಬಲ್ಲದ್ದು ಮತ್ತೆ ಮತ್ತೆ ಒಂದೇ ರೀತಿ ಬರುವ ದೋಷವನ್ನು ಮಾತ್ರ. ನಿನ್ನೆ 12, ಇಂದು 4, ಖಾಲಿ ಟೇಬಲ್‌ನಲ್ಲಿ 6, ಭಾರ ಹೇರಿದಾಗ 15 ಎಂದು ಕುಣಿಯುವ ದೋಷಕ್ಕೆ ಪಟ್ಟಿಯಲ್ಲಿ ಯಾವ ಸಂಖ್ಯೆ ಬರೆದರೂ ತಪ್ಪೇ. ಇದಕ್ಕಾಗಿಯೇ ಮೆಷಿನ್ ಟೂಲ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 230ರ ಎರಡನೇ ಭಾಗ ಪ್ರತಿ ಗುರಿಯನ್ನು ಎರಡೂ ದಿಕ್ಕಿನಿಂದ ಐದೈದು ಸಲ ತಲುಪಿ, ನಿಖರತೆಯ ಜತೆಗೆ ಪುನರಾವರ್ತನೆಯನ್ನೂ ಬೇರೆಯಾಗಿ ಬರೆಯಬೇಕು ಎನ್ನುತ್ತದೆ. ಗುರಿಗಳು ಸಮ ಅಂತರದಲ್ಲಿರದೆ ಸ್ವಲ್ಪ ಅಡ್ಡಾದಿಡ್ಡಿಯಾಗಿರಬೇಕು ಎಂದೂ ಅದು ಕೇಳುತ್ತದೆ. ಆದರೂ ಪಟ್ಟಿ ತುಂಬಿದ ಅದೇ ಬಿಂದುಗಳಲ್ಲಿ, ಅದೇ ದಿನ, ಅದೇ ಉಷ್ಣತೆಯಲ್ಲಿ ಮತ್ತೆ ಅಳೆದು ‘ಸರಿದೂಗಿಸಿದ ನಂತರ 3 ಮೈಕ್ರಾನ್’ ಎಂದು ಬರೆದ ವರದಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಪ್ರಶ್ನೆಪತ್ರಿಕೆ ಬರೆದವರೇ ಉತ್ತರ ಬರೆದು ತಾವೇ ಅಂಕ ಹಾಕಿಕೊಂಡ ಹಾಗೆ ಅದು. ಸೂಕ್ಷ್ಮ ಮೆಷಿನ್ ಟೂಲ್‌ಗಳ ರಫ್ತನ್ನು ನಿಯಂತ್ರಿಸುವ ವಾಸೆನಾರ್ ಒಪ್ಪಂದದ ಪಟ್ಟಿಯೂ (ಭಾರತ ಇದನ್ನು 2017ರಲ್ಲಿ ಸೇರಿತು) ಹಿಂದೆ ಸ್ಥಾನ ನಿಖರತೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದು, ಈಗ ಒಂದೇ ದಿಕ್ಕಿನ ಪುನರಾವರ್ತನೆಯನ್ನು ನೋಡುತ್ತದೆ. ಮೆಷಿನ್‌ನ ಹುಟ್ಟುಗುಣ ಇರುವುದು ಪುನರಾವರ್ತನೆಯಲ್ಲಿ. ನಿಖರತೆಯನ್ನು ಬಹುಪಾಲು ಆಮೇಲೆ ಪಟ್ಟಿಯಲ್ಲಿ ಬರೆದು ತುಂಬಬಹುದು.

ಐದು ಅಕ್ಷದ ಮೆಷಿನ್‌ಗಳ ಕಥೆಯೇ ದೊಡ್ಡದು. ತಿರುಗುವ ಅಕ್ಷದ ಕೇಂದ್ರ ಕಂಟ್ರೋಲರ್ ತಿಳಿದಿರುವ ಜಾಗಕ್ಕಿಂತ 20 ಮೈಕ್ರಾನ್ ಆಚೆ ಇದ್ದರೆ, ಟೇಬಲ್ 180 ಡಿಗ್ರಿ ತಿರುಗಿದಾಗ ತಪ್ಪು 40 ಆಗುತ್ತದೆ. ಟೇಬಲ್ ಮೇಲೊಂದು ಉಕ್ಕಿನ ಗುಂಡು ಕೂರಿಸಿ, ಬೇರೆ ಬೇರೆ ಕೋನಗಳಲ್ಲಿ ಸ್ಪಿಂಡಲ್‌ನ ಪ್ರೋಬ್‌ನಿಂದ ಮುಟ್ಟಿ, ನಿಜವಾದ ಕೇಂದ್ರವನ್ನು ಮೆಷಿನ್ ತಾನೇ ಕಂಡುಕೊಳ್ಳುವ ಪ್ರೋಗ್ರಾಂಗಳು ಇದಕ್ಕೆ ಇವೆ, ಕೆಲವೇ ನಿಮಿಷಗಳ ಕೆಲಸ. ಪ್ರೋಬ್ ಇದ್ದೂ ಅದನ್ನು ವಾರಕ್ಕೊಮ್ಮೆಯೂ ಓಡಿಸದಿರುವುದಕ್ಕೆ ನೆಪ ಸಿಗುವುದು ಕಷ್ಟ.

ತುಮಕೂರು ರಸ್ತೆಯಲ್ಲಿ 1962ರಿಂದ ಇರುವ, ಮೆಷಿನ್ ಟೂಲ್ ಸಂಶೋಧನೆ ಮಾಡುವ ಸಿಎಂಟಿಐಯಂಥ ಸಂಸ್ಥೆ, ಅದೇ ರಸ್ತೆಯಲ್ಲಿ ನಡೆಯುವ ಮೆಷಿನ್ ಟೂಲ್‌ಗಳ ಇಮ್‌ಟೆಕ್ಸ್ ಪ್ರದರ್ಶನ, ಪೀಣ್ಯದ ಸಾವಿರಾರು ಸಣ್ಣ ಘಟಕಗಳು, ಇಷ್ಟೆಲ್ಲ ಇರುವ ಊರಿನಲ್ಲಿ ಜ್ಞಾನಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಕೇಳುವ ಪ್ರಶ್ನೆಯಲ್ಲಿ. ಗ್ರಾಹಕ ಕಂಪನಿಯ ಆಡಿಟ್ ತಂಡ ‘ಲೇಸರ್ ಮಾಡಿಸಿದ್ದೀರಾ?’ ಎಂದು ಕೇಳುತ್ತದೆ, ಕಾಗದ ತೋರಿಸಿದರೆ ಟಿಕ್ ಹಾಕುತ್ತದೆ. ಲೇಸರ್ ರೇಖೆ ಎಷ್ಟು ಎತ್ತರದಲ್ಲಿತ್ತು, ಟೇಬಲ್ ಮೇಲೆ ಭಾರ ಇತ್ತೇ, ಸ್ಪಿಂಡಲ್ ಎಷ್ಟು ಹೊತ್ತು ಓಡಿತ್ತು, ಲಂಬತೆಯನ್ನು ಯಾರಾದರೂ ನೋಡಿದ್ದಾರೆಯೇ ಎಂದು ಕೇಳಿದರೆ ಉತ್ತರ ಬೇರೆಯೇ ಇರುತ್ತದೆ.

ಆ ಗೇರ್‌ಬಾಕ್ಸ್ ಮೆಷಿನ್‌ನಲ್ಲಿ ಮೊದಲು ಮಾಡಿದ ಕೆಲಸ ಲೇಸರ್‌ನ್ನು 400 ಮಿ.ಮೀ. ಎತ್ತರಕ್ಕೆ ಏರಿಸಿ ಹೊಸ ಪಟ್ಟಿ ತುಂಬಿದ್ದು. ಗೇರ್‌ಬಾಕ್ಸ್ ಸರಿಹೋಯಿತು, ಮರುವಾರ ಅದೇ ಟೇಬಲ್ ಮೇಲೆ ಮಾಡಿದ ತೆಳುವಾದ ಪ್ಲೇಟುಗಳು ರಿಜೆಕ್ಟ್ ಆದವು. ಆಗ ಎಲೆಕ್ಟ್ರಾನಿಕ್ ಲೆವೆಲ್ ತರಿಸಿ ನೋಡಲಾಯಿತು: ಟೇಬಲ್ ಖಾಲಿ ಇದ್ದಾಗ ತುದಿಯಿಂದ ತುದಿಗೆ 6 ಆರ್ಕ್ ಸೆಕೆಂಡ್, ಹೌಸಿಂಗ್ ಹೇರಿದಾಗ 10. ಭಾರಕ್ಕೆ ತಕ್ಕಂತೆ ಬದಲಾಗುವ ಕೋನವೆಂದರೆ ಎಲ್ಲೋ ಸಡಿಲವಿದೆ ಎಂದೇ ಅರ್ಥ. ಟೇಬಲ್‌ನ್ನು ಕೆಳಗಿನಿಂದ ಹಿಡಿದಿಡುವ ಕೀಪರ್ ಪ್ಲೇಟುಗಳು ಸವೆದಿದ್ದವು. ನಿವೃತ್ತಿಯ ಅಂಚಿನಲ್ಲಿದ್ದ ಫಿಟ್ಟರ್ ಒಬ್ಬರು ಎರಡು ದಿನ ಕೂತು ಅವನ್ನು ಸ್ಕ್ರೇಪ್ ಮಾಡಿ ಕೂರಿಸಿದ ಮೇಲೆ ಖಾಲಿ ಇದ್ದಾಗಲೂ ಭಾರ ಇದ್ದಾಗಲೂ ಕೋನ 4 ಆರ್ಕ್ ಸೆಕೆಂಡಿಗೆ ನಿಂತಿತು. ಅಂತಿಮ ಪಟ್ಟಿಯನ್ನು 250 ಮಿ.ಮೀ. ಎತ್ತರದ ರೇಖೆಯಲ್ಲಿ ಅಳೆದು ತುಂಬಲಾಯಿತು. ಕೋನದಿಂದ ಉಳಿದ ದೋಷ 400ರ ಎತ್ತರದಲ್ಲಿ 3 ಮೈಕ್ರಾನ್, 50ರಲ್ಲಿ 4. ಬಾಗಿಲಿಗೆ ಅಂಟಿಸಿದ ಹೊಸ ವರದಿಯ ಮೇಲೆ ತಪಾಸಣೆಯವರು ಕೈಬರಹದಲ್ಲಿ ರೇಖೆಯ ಎತ್ತರವನ್ನೂ ಬರೆದಿಟ್ಟರು.